ಹೆರಿಟೇಜ್ ರೈಲಿಗೆ ಹಳೇ ಬೋಗಿ ಸಿಕ್ಕಿದ್ರೆ ಮೊದಲು ಯಾವುದಕ್ಕೆ ಕೈ ಹಾಕಬೇಕು?

ಪಡೀಲ್ ಪ್ಯಾಸೆಂಜರ್:
ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಉಂಟು, ಪುರುಸೊತ್ತಲ್ಲಿ ಓದಿ.

ಮಂಗಳೂರಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ವಾರಾಂತ್ಯಕ್ಕೊಂದು ಹೆರಿಟೇಜ್ ರೈಲು ಬೇಕು ಅಂತ ನಾವು ಕೆಲವರು ಸೇರಿ ರೈಲ್ವೆಗೆ ಮನವಿ ಬರೀತಾ ಇದ್ದೇವೆ. ಹೊಸ ಬೋಗಿಗೆ ಬಣ್ಣ ಬಳಿದು ಹಳೇದು ಅಂತ ತೋರಿಸುವ ರೈಲಲ್ಲ. ಕಂಡಮ್ ಆಗಿ ಗುಜರಿಗೆ ಹೋಗುವ ಬೋಗಿಗಳಲ್ಲೇ ನಾಲ್ಕೈದನ್ನು ಉಳಿಸಿ, ಸರಿಯಾಗಿ ರಿಪೇರಿ ಮಾಡಿ, ಜನರನ್ನು ಕೂರಿಸಿ ಓಡಿಸಬೇಕು ಅಂತ ನಮ್ಮ ಆಸೆ.

ಪೆರಂಬೂರಿನ ಐಸಿಎಫ್ ಕಾರ್ಖಾನೆ 1955ರಿಂದ ಮಾಡಿಕೊಂಡು ಬಂದ ಹಳೇ ಮಾದರಿಯ ಬೋಗಿ 2018ಕ್ಕೆ ನಿಂತಿತು. ಅವುಗಳ ಆಯುಷ್ಯ 25 ವರ್ಷ ಅಂತ ಲೆಕ್ಕ. ಹಾಗಾಗಿ ಈಗ ಸಾಲು ಸಾಲಾಗಿ ಕಂಡಮ್ ಆಗ್ತಾ ಉಂಟು. ಕೆಲವನ್ನು ಕಾರು ಸಾಗಿಸುವ ಗೂಡ್ಸ್ ಬೋಗಿ ಮಾಡ್ತಾರೆ, ಕೆಲವು ಸ್ಟೇಷನ್ ಹೊರಗೆ ಹೋಟೆಲ್ ಆಗ್ತವೆ, ಉಳಿದದ್ದೆಲ್ಲ ಗ್ಯಾಸ್ ಕಟ್ಟರ್‌ಗೆ. ಈಗ ಕೇಳದಿದ್ರೆ ಇನ್ನು ಹತ್ತು ವರ್ಷದಲ್ಲಿ ಕೇಳ್ಲಿಕ್ಕೆ ಬೋಗಿಯೇ ಇರುವುದಿಲ್ಲ.

ಮನವಿಯಲ್ಲಿ ಕೇಳಬೇಕು ಅಂತಿರುವುದು: ಸೆಕೆಂಡ್ ಕ್ಲಾಸ್ ಜನರಲ್ ಬೋಗಿ, ಕೂಪೆ ಇರುವ ನಾನ್ ಏಸಿ ಫಸ್ಟ್ ಕ್ಲಾಸ್, ಪ್ಯಾಂಟ್ರಿ ಕಾರ್, ಒಂದು ಎಸ್‌ಎಲ್‌ಆರ್ (ಸೀಟು, ಲಗೇಜ್ ಕೋಣೆ, ಗಾರ್ಡ್ ಜಾಗ ಒಟ್ಟಿಗೆ ಇರುವ ಬೋಗಿ). ಎಲ್ಲಿಯಾದರೂ ಸಿಕ್ಕಿದರೆ ಮರದ ಬಾಡಿಯ ಮೀಟರ್ ಗೇಜ್ ಬೋಗಿ ಒಂದು. ದುಡ್ಡು ಒಮ್ಮೆಗೆ ಒಂದೇ ಬೋಗಿಗೆ ಸಾಕಾಗುವಷ್ಟು ಸಿಗಬಹುದು ಅಷ್ಟೆ. ಮೊದಲು ಯಾವುದು? ನಮ್ಮ ಗುಂಪಲ್ಲಿ ಅರ್ಧ ಜನ ಫಸ್ಟ್ ಕ್ಲಾಸ್ ಅಂತಾರೆ, ಅರ್ಧ ಜನ ಮೀಟರ್ ಗೇಜ್ ಅಂತಾರೆ. ಕಾರಣ ಸಮೇತ ಹೇಳಿ.

ಕೂಪೆ ಪ್ರೇಮಿ:
ಇದರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು ಮಾರಾಯ್ರೆ? ಫಸ್ಟ್ ಕ್ಲಾಸ್! ಬಾಗಿಲು ಎಳೆದು ಹಾಕಿದ್ರೆ ಇಡೀ ಕೋಣೆ ನಮ್ಮದೇ, ಕಿಟಕಿ ತೆಗೆದಿಟ್ಟು ನೇತ್ರಾವತಿ ಗಾಳಿ. ಈಗಿನ ಮಕ್ಕಳು ಅದನ್ನು ಕಂಡೇ ಇಲ್ಲ. ಟಿಕೆಟ್‌ಗೆ ಜನ ಜಾಸ್ತಿ ದುಡ್ಡು ಕೊಡುವುದೂ ಅದಕ್ಕೇ.

ನೆಟ್ಟಣದವ:
ಮೀಟರ್ ಗೇಜ್. ನಮ್ಮ ಘಾಟಿಯ ಕಥೆ ಅದು. 1979ರಲ್ಲಿ ಮಂಗಳೂರು–ಹಾಸನ ಲೈನ್ ಶುರುವಾದದ್ದೇ ಮೀಟರ್ ಗೇಜಲ್ಲಿ. ಆಮೇಲೆ ಗೇಜ್ ಬದಲಾವಣೆ ಅಂತ ವರ್ಷಗಟ್ಟಲೆ ಬಾಗಿಲು ಹಾಕಿ, ಪ್ಯಾಸೆಂಜರ್ ರೈಲು ತಿರುಗಿ ಬಂದದ್ದು 2007ರ ಡಿಸೆಂಬರಿಗೆ. ಆ ಮೀಟರ್ ಗೇಜ್ ಕಾಲದ ಒಂದೇ ಒಂದು ಬೋಗಿ ಈ ಊರಲ್ಲಿ ನೋಡ್ಲಿಕ್ಕೆ ಇಲ್ಲ ಅಂದ್ರೆ ಬೇಸರ ಆಗ್ತದೆ.

ಉಡುಪಿ ಇಂದ್ರಾಳಿ:
@ನೆಟ್ಟಣದವ ಬೇಸರ ಸರಿ. ಆದ್ರೆ ಅದನ್ನು ಓಡಿಸುವುದು ಎಲ್ಲಿ? ಮೀಟರ್ ಗೇಜ್ ಅಂದ್ರೆ ಹಳಿಯ ಅಂತರ 1000 ಮಿ.ಮೀ., ಈಗ ಇರುವುದೆಲ್ಲ 1676. ನಿಲ್ಲಿಸಿ ನೋಡಬಹುದು, ಕೂತು ಹೋಗ್ಲಿಕ್ಕೆ ಆಗುವುದಿಲ್ಲ.

ನೆಟ್ಟಣದವ:
ನಿಲ್ಲಿಸಿ ನೋಡುವುದಕ್ಕೂ ಬೆಲೆ ಉಂಟು. ಮೈಸೂರಿನ ರೈಲು ಮ್ಯೂಸಿಯಂ 1979ರಿಂದ ನಡೀತಾ ಇಲ್ವಾ? ಅಲ್ಲಿರುವ ಮಹಾರಾಣಿ ಸಲೂನ್ ಅನ್ನುವ ರಾಜಮನೆತನದ ಬೋಗಿ 1899ರದ್ದು. ಅದು ಓಡುವುದಿಲ್ಲ ಅಂತ ಯಾರೂ ನೋಡದೆ ವಾಪಸ್ ಬರುವುದಿಲ್ಲ.

ಪಿಟ್‌ಲೈನ್ ನಿವೃತ್ತ:
ನನ್ನ ಸರ್ವಿಸ್ ಎಲ್ಲ ಕ್ಯಾರೇಜ್ ಅಂಡ್ ವ್ಯಾಗನ್ ಡಿಪೋದ ಪಿಟ್‌ಲೈನಲ್ಲೇ, ಅಂದ್ರೆ ಬೋಗಿಯ ಅಡಿಗೆ ಇಳಿದು ತಪಾಸಣೆ ಮಾಡುವ ಹಳಿಯಲ್ಲೇ ಕಳೆದದ್ದು. ಹಾಗಾಗಿ ಸ್ವಲ್ಪ ವಿವರವಾಗಿ ಹೇಳ್ತೇನೆ.

ನೀವೆಲ್ಲ ಬೋಗಿಯನ್ನು ಕಿಟಕಿಯಿಂದ ಮೇಲೆ ನೋಡ್ತಾ ಇದ್ದೀರಿ. ನಿರ್ಧಾರ ಮಾಡಬೇಕಾದದ್ದು ಕಿಟಕಿಯಿಂದ ಕೆಳಗೆ. ಐಸಿಎಫ್ ಬೋಗಿ ಸಾಯುವುದು ಟಾಯ್ಲೆಟ್ ಮೂಲೆಯಿಂದ. ಅಲ್ಲಿಯ ನೀರು ನೆಲದ ಪದರದ ಅಡಿಗೆ ಇಳಿದು ಟ್ರಫ್ ಫ್ಲೋರಿನ (ಬೋಗಿಯ ಅಡಿಯ ಏರಿಳಿತದ ನೆಲ) ತಗಡಲ್ಲಿ ನಿಲ್ತದೆ. ಅಲ್ಲಿಂದ ಸೋಲ್‌ಬಾರ್ (ಅಡಿಯಲ್ಲಿ ಉದ್ದಕ್ಕೂ ಹೋಗುವ ಉಕ್ಕಿನ ತೊಲೆ), ಆಮೇಲೆ ಬಾಡಿಯ ಕಂಬಗಳ ಬುಡ. ಹೊರಗಿನ ಬಣ್ಣ ಚಂದ ಇರ್ತದೆ, ಬಾಗಿಲ ಹತ್ತಿರ ಕೆಳಗೆ ಕೂತು ಸಣ್ಣ ಸುತ್ತಿಗೆಯಲ್ಲಿ ಬಡಿದ್ರೆ ಗೊತ್ತಾಗ್ತದೆ. ಒಳ್ಳೇ ಉಕ್ಕು ಟಣ್ ಅಂತದೆ. ತಿಂದದ್ದು ಟಪ್ ಅಂತದೆ, ಇನ್ನೊಂದು ಪೆಟ್ಟಿಗೆ ಪದರ ಪದರವಾಗಿ ಹಪ್ಪಳದ ಹಾಗೆ ಉದುರ್ತದೆ. ಕಡಲ ಬದಿಯಲ್ಲಿ ಓಡಿದ ಬೋಗಿಯಾದ್ರೆ ಇದು ಇನ್ನೂ ಬೇಗ.

ಫಸ್ಟ್ ಕ್ಲಾಸ್‌ನಲ್ಲಿ ತೊಂದರೆ ಎಂತ ಅಂದ್ರೆ ಕ್ಯಾಬಿನ್ ಗೋಡೆ, ಬರ್ತ್, ಸನ್‌ಮೈಕಾ ಎಲ್ಲ ಬಿಚ್ಚದೆ ಆ ಕಂಬಗಳು ಕಾಣುವುದೇ ಇಲ್ಲ. ಬಿಚ್ಚಿದ ಮೇಲೆ ಅದೇ ಸಾಮಾನು ವಾಪಸ್ ಕೂರಿಸುವುದು ದೊಡ್ಡ ಕೆಲಸ, ಒಂದು ತುಂಡು ಮುರಿದ್ರೆ ಅಂಗಡಿಯಲ್ಲಿ ಸಿಗುವುದಿಲ್ಲ. ಜನರಲ್ ಬೋಗಿಯಾದ್ರೆ ಸೀಟು ಬಿಚ್ಚಿ ಹೊರಗಿಟ್ರೆ ಆಯ್ತು, ಇಡೀ ಹೊಟ್ಟೆ ಕಣ್ಣೆದುರು.

ಕೆಲಸ ಕಲಿಯುವ ತಂಡ ಮೊದಲ ಬೋಗಿಯಲ್ಲೇ ಕಲಿಯುವುದು. ಕಲಿಯುವಾಗ ಕಷ್ಟದ್ದನ್ನು, ಅಪರೂಪದ್ದನ್ನು ಬಿಚ್ಚಬೇಡಿ.

ಕೂಪೆ ಪ್ರೇಮಿ:
ಸರ್, ಕಷ್ಟ ಅಂತ ಬಿಟ್ರೆ ಅದು ಗುಜರಿಗೇ ಹೋಗ್ತದಲ್ಲ? ಜನರಲ್ ಬೋಗಿ ಸಾವಿರಗಟ್ಟಲೆ ಉಂಟು. ಹಳೇ ಫಸ್ಟ್ ಕ್ಲಾಸ್ ಈಗಲೇ ಬೆರಳೆಣಿಕೆಗೆ ಬಂದಿರಬೇಕು.

ಪಿಟ್‌ಲೈನ್ ನಿವೃತ್ತ:
ಬಿಡಿ ಅಂತ ಹೇಳಲಿಲ್ಲ. ತನ್ನಿ, ಸೂರಿನಡಿ ನಿಲ್ಲಿಸಿ, ಕೊಳೆಯದ ಹಾಗೆ ಇಟ್ಟುಕೊಳ್ಳಿ. ರಿಪೇರಿಯ ಸರದಿ ಆಮೇಲೆ. ತರುವ ಆದ್ಯತೆ ಬೇರೆ, ರಿಪೇರಿಯ ಆದ್ಯತೆ ಬೇರೆ. ಇವೆರಡನ್ನು ಒಂದೇ ಪಟ್ಟಿಯಲ್ಲಿ ಹಾಕಿದ್ದಕ್ಕೇ ನಿಮ್ಮ ಗುಂಪಲ್ಲಿ ಜಗಳ.

ಪಡೀಲ್ ಪ್ಯಾಸೆಂಜರ್:
ಇದು ಬಹಳ ಒಳ್ಳೇ ಮಾತು. ಮನವಿಯಲ್ಲಿ ಎರಡು ಬೇರೆ ಪಟ್ಟಿ ಮಾಡ್ತೇವೆ.

ಕೋಟೇಶ್ವರದ ಆಚಾರಿ:
ಕಾಣಿ, ನಾ ಮರದ್ ಕೆಲ್ಸದವ. ದೋಣಿ, ರಥ, ಹಳೇ ಮನೆ ಎಲ್ಲ ಮಾಡಿದ್ದಿತ್. ಮರದ ಬಾಡಿಯ ಬೋಗಿ ಬಗ್ಗೆ ಇಲ್ಲಿ ಯಾರೂ ಹೇಳಲಿಲ್ಲ ಅಂತ ಬರೀತಿದ್ದೇನೆ.

ಅದರ ಮಾಡು (ಛಾವಣಿ) ಅಂದ್ರೆ ಹಲಗೆಯ ಮೇಲೆ ಕ್ಯಾನ್ವಾಸ್ ಎಳೆದು ದಪ್ಪ ಬಣ್ಣ ಕುಡಿಸಿದ್ದು. ಗಾಳಿ ಹೋಗುವ ಕೊಳವೆಯ ಸುತ್ತ ಮತ್ತು ನೀರು ಇಳಿಯುವ ಅಂಚಲ್ಲಿ ಆ ಬಟ್ಟೆ ಮೊದಲು ಸೀಳ್ತದೆ. ಒಳಗೆ ಹೋದ ನೀರು ಎಲ್ಲೂ ಕಾಣುವುದಿಲ್ಲ. ಕಂಬದ ಒಳಮೈಯಲ್ಲಿ ಇಳಿದು ಕೆಳಗಿನ ತೊಲೆಯ ಗೂಟದ ಕಿಂಡಿಯಲ್ಲಿ ನಿಲ್ತದೆ. ತೇಗದ ಮರ ಆದ್ರೂ ಅಲ್ಲಿ ಕೊಳೀತದೆ. ಕಿಟಕಿಯ ಕೆಳಗೆ, ಕಂಬದ ಬುಡಕ್ಕೆ ಒಂದು ಚೂಪು ದಬ್ಬಣ ಹಾಕಿ ಒತ್ತಿ. ಗಟ್ಟಿಯಾಗಿ ತಡೆದ್ರೆ ಸರಿ. ಮೆತ್ತಗೆ ಒಳಗೆ ಹೋಗಿ, ಎಳೆದಾಗ ಕಪ್ಪು ಹೊಟ್ಟು ಬಂದ್ರೆ ಆ ಕಂಬ ಹೋಯಿತು. ಅಂದ್ರೆ ಇಡೀ ಕಂಬ ಬಿಸಾಡಬೇಕು ಅಂತ ಅಲ್ಲ. ಕೊಳೆತ ತುದಿಯನ್ನು ಉದ್ದ ಓರೆಯಲ್ಲಿ ಕೊಯ್ದು ಅದೇ ಜಾತಿಯ ಹಳೇ ಮರ ಕೂಡಿಸಬಹುದು. ಮೂಲ ಮರ ಆದಷ್ಟು ಉಳಿಸಿಕೊಳ್ಳುವುದೇ ಜೀರ್ಣೋದ್ಧಾರ. ಎಲ್ಲ ಕಿತ್ತು ಹೊಸತು ಹಾಕಿದ್ರೆ ಅದು ಹೊಸ ಬೋಗಿ.

ಕಬ್ಬಿಣದ ಸ್ಕ್ರೂ ಹಾಕಬೇಡಿ, ಹಿತ್ತಾಳೆಯದ್ದೇ ಹಾಕಿ. ಬಿಚ್ಚುವ ಮೊದಲು ಪ್ರತಿ ತುಂಡಿಗೆ ನಂಬರ್ ಬರೆದು ಫೋಟೋ ತೆಗೀರಿ. ಕೊಳೆತ ತುಂಡನ್ನೂ ಒಲೆಗೆ ಹಾಕಬೇಡಿ, ಅಳತೆಗೆ ಅದೇ ಬೇಕು.

ಕುಂದಾಪುರದ ಕಡೆ ರಥ ಮಾಡುವ ಕೈಗಳು ಇನ್ನೂ ಉಂಟು. ಆ ಕೈ ಇರುವಾಗಲೇ ಮರದ ಬೋಗಿ ಮಾಡಿಸಿಕೊಳ್ಳಿ ಅಂತ ನನ್ನ ಮಾತು. ಉಕ್ಕಿನ ಬೆಸುಗೆಯವರು ಇಪ್ಪತ್ತು ವರ್ಷ ಬಿಟ್ಟೂ ಸಿಗ್ತಾರೆ.

ನೆಟ್ಟಣದವ:
ಕಡೆಯ ಮಾತಿಗೆ ಕೈ ಮುಗಿದೆ.

ಬಂದರು ರಸ್ತೆ:
ಆದ್ರೆ ಸುರಕ್ಷತೆ? ಮರದ ಬಾಡಿಯಲ್ಲಿ ಜನ ಕೂರಿಸಿ ಮುಖ್ಯ ಲೈನಲ್ಲಿ ಓಡಿಸ್ಲಿಕ್ಕೆ ಒಪ್ಪಿಗೆ ಸಿಗುವುದು ಬಹಳ ಕಷ್ಟ. ನೀಲಗಿರಿಯಲ್ಲಿ ಮರದ ಬೋಗಿ ಓಡ್ತದೆ ಅಂತ ಹೇಳಬೇಡಿ, ಅದು 46 ಕಿ.ಮೀ.ನ ಪ್ರತ್ಯೇಕ ಲೈನು, ವೇಗ ಕಮ್ಮಿ, ಎಂಜಿನ್ ಕೆಳಗಿನ ತುದಿಯಲ್ಲಿ ನಿಂತು ಮೇಲಕ್ಕೆ ದೂಡ್ತದೆ, ಒಂದೊಂದು ಬೋಗಿಗೂ ಒಬ್ಬೊಬ್ಬ ಬ್ರೇಕ್‌ಮನ್ ನಿಂತಿರ್ತಾನೆ.

ಮಣಿಪಾಲ ಟು ಪೆನ್ಸಿಲ್ವೇನಿಯಾ:
ನಾನಿರುವ ರಾಜ್ಯದ ಒಂದು ಉದಾಹರಣೆ ಕೊಡ್ತೇನೆ. ಇಲ್ಲಿ ಈಸ್ಟ್ ಬ್ರಾಡ್ ಟಾಪ್ ಅಂತ ಒಂದು ನ್ಯಾರೋ ಗೇಜ್ ರೈಲು ಉಂಟು, ಕಲ್ಲಿದ್ದಲು ಸಾಗಿಸ್ಲಿಕ್ಕೆ ಹಾಕಿದ ಲೈನು. ಹಳಿಯ ಅಂತರ ಮೂರೇ ಅಡಿ. 1956ಕ್ಕೆ ಮುಚ್ಚಿತು. ಕೊಂಡದ್ದು ಗುಜರಿ ವ್ಯಾಪಾರದ ಕುಟುಂಬ, ಆದರೆ ಅವರು ಕತ್ತರಿಸಿ ಮಾರಲಿಲ್ಲ, 1960ರಿಂದ ಪ್ರವಾಸಿಗರಿಗೆ ಓಡಿಸಿದ್ರು. 2011ರ ಮೇಲೆ ಅದೂ ನಿಂತಿತು. 2020ರಲ್ಲಿ ಒಂದು ಫೌಂಡೇಶನ್ ಕೊಂಡುಕೊಂಡಿತು.

ಇಲ್ಲಿ ಕಲಿಯಬೇಕಾದದ್ದು ಅವರು ಆಮೇಲೆ ಮಾಡಿದ್ದನ್ನು ನೋಡಿ. ಹಬೆ ಎಂಜಿನ್ ರೆಡಿ ಆಗುವವರೆಗೆ ಕಾಯಲಿಲ್ಲ. 2021ರಲ್ಲೇ ಡೀಸೆಲ್ ಎಂಜಿನ್ ಹಾಕಿ ಜನರನ್ನು ಕೂರಿಸಿದ್ರು. 16ನೇ ನಂಬರಿನ ಹಬೆ ಎಂಜಿನ್ ಹಳಿಗೆ ಬಂದದ್ದು 2023ಕ್ಕೆ. ಅಷ್ಟರಲ್ಲಿ ಜನರಿಗೆ ಅಭ್ಯಾಸ ಆಗಿತ್ತು, ಸ್ವಯಂಸೇವಕರು ಸೇರಿದ್ರು, ದಾನ ಬಂತು. ಓಡುವ ರೈಲನ್ನು ಕಂಡವರು ದುಡ್ಡು ಕೊಡ್ತಾರೆ. ಶೆಡ್ಡಿನ ಒಳಗಿನ ಅಸ್ಥಿಪಂಜರಕ್ಕೆ ಕೊಡುವವರು ಕಮ್ಮಿ.

ಹಾಗಂತ ಅಪರೂಪದ್ದನ್ನು ಬಿಡಬೇಕು ಅಂತ ಇಲ್ಲ. ವೇಲ್ಸ್‌ನ ತಾಲಿಲಿನ್ ರೈಲು 1951ರಿಂದ ಸ್ವಯಂಸೇವಕರ ಕೈಯಲ್ಲಿ ಉಂಟು, ಅಲ್ಲಿ 1860ರ ದಶಕದ ಮೂಲ ಬೋಗಿಗಳು ಇವತ್ತಿಗೂ ಓಡ್ತವೆ. ಓಡುವ ರೈಲಿನ ಆದಾಯದಿಂದ ಹಳೇದನ್ನು ಸಾಕಿದ್ದು.

ತೊಕ್ಕೊಟ್ಟು ತಿರುವು:
ಹಂಚಿನ ಕಾರ್ಖಾನೆಗಳ ಊರಿನವರು ನಾವು, ಬೋಗಿಗೆ ಶೆಡ್ ಕಟ್ಟುವಾಗ ಮಂಗಳೂರು ಹಂಚೇ ಹಾಕ್ಬೇಕು ಅಂತ ನನ್ನ ಒತ್ತಾಯ. ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚು ಶುರು ಮಾಡಿದ್ದು. ನಮ್ಮ ಹಂಚು ಎಷ್ಟೋ ರೈಲು ಸ್ಟೇಷನ್‌ಗಳ ತಲೆ ಕಾದದ್ದು.

ಪಿಟ್‌ಲೈನ್ ನಿವೃತ್ತ:
ಹಂಚು ಚಂದ, ಒಳಗೆ ತಂಪು. ಆದ್ರೆ ಒಂದು ಬೋಗಿಯೇ ಎಪ್ಪತ್ತು ಅಡಿ ದಾಟ್ತದೆ, ಪಕ್ಕದಲ್ಲಿ ಕೆಲಸ ಮಾಡ್ಲಿಕ್ಕೆ ಜಾಗ ಬೇಕು, ನಡುವೆ ಕಂಬ ಇರಬಾರದು. ಅಷ್ಟು ಅಗಲಕ್ಕೆ ಹಂಚಿನ ಭಾರ ಹೊರುವ ಮಾಡು ಮಾಡುವ ಖರ್ಚಲ್ಲಿ ಒಂದು ಬೋಗಿ ರಿಪೇರಿ ಆಗ್ತದೆ. ಮೊದಲು ತಗಡಿನ ಮಾಡು ಸಾಕು. ಬದಿಗೋಡೆ ನೆಲದಿಂದ ಸ್ವಲ್ಪ ಮೇಲೆ ಬಿಟ್ಟು ಗಾಳಿ ಆಡ್ಲಿ.

ಉಡುಪಿ ಇಂದ್ರಾಳಿ:
ನನಗನಿಸುವುದು, ಮೊದಲ ಬೋಗಿ ಯಾವುದು ಅಂತ ಕೇಳುವ ಮೊದಲು ಶೆಡ್ ಎಲ್ಲಿ ಅಂತ ಕೇಳಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ದಾಟಿ ಮಳೆ ಸುರಿಯುವ ಊರು. ಜೂನ್‌ನಲ್ಲಿ ಹೊರಗೆ ನಿಲ್ಲಿಸಿದ ಬೋಗಿ ಸೆಪ್ಟೆಂಬರಿಗೆ ಬೇರೆಯೇ ಬೋಗಿ ಆಗಿರ್ತದೆ. ಅದರ ಮೇಲೆ ಉಪ್ಪು ಗಾಳಿ. ಒಂದು ಬೋಗಿ ಪೂರ್ತಿ ಮಾಡಿ ಬಾಕಿ ನಾಲ್ಕನ್ನು ಮಳೆಗೆ ಬಿಟ್ರೆ ಲೆಕ್ಕದಲ್ಲಿ ನಮಗೆ ನಷ್ಟವೇ.

ಸೆಂಟ್ರಲ್ ಪ್ಲಾಟ್‌ಫಾರ್ಮ್ 1:
ಜಾಗದ ವಿಷಯ ಬಂದ್ರೆ ಇನ್ನೊಂದು ತಲೆನೋವು. ಸೆಂಟ್ರಲ್ ಮತ್ತು ಜಂಕ್ಷನ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗ. ಪಡೀಲ್ ದಾಟಿ ಪುತ್ತೂರು ಕಡೆಗೆ ಹೋದ್ರೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ. ತೋಕೂರಿಂದ ಉತ್ತರಕ್ಕೆ ಕೊಂಕಣ ರೈಲ್ವೆ. ಮನವಿ ಯಾರ ಹೆಸರಿಗೆ ಬರೀತೀರಿ? ರೈಲು ಓಡುವುದು ಒಬ್ಬರ ಜಾಗದಲ್ಲಿ, ಶೆಡ್ ಇನ್ನೊಬ್ಬರ ಜಾಗದಲ್ಲಿ ಅಂತ ಆದ್ರೆ ಫೈಲು ಓಡುವುದರಲ್ಲೇ ವರ್ಷ ಹೋಗ್ತದೆ.

ಪಡೀಲ್ ಪ್ಯಾಸೆಂಜರ್:
ಅದಕ್ಕೇ ಸುಬ್ರಹ್ಮಣ್ಯ ರೋಡ್ ಕಡೆ ಶೆಡ್ ಕೇಳುವ ಅಂತ ಒಂದು ಯೋಚನೆ ಉಂಟು. ರೈಲಿನ ಹೆಚ್ಚಿನ ದಾರಿ, ಶೆಡ್, ಎರಡೂ ಒಂದೇ ವಿಭಾಗಕ್ಕೆ ಬರ್ತದೆ. ಉಪ್ಪು ಗಾಳಿಯೂ ಕಮ್ಮಿ.

ಬಂದರು ರಸ್ತೆ:
ಸಕಲೇಶಪುರದವರೆಗೆ ಯಾಕೆ ಬೇಡ? ಘಾಟಿ ನೋಡ್ಲಿಕ್ಕೆ ಅಲ್ವಾ ಜನ ಬರುವುದು? 55 ಕಿ.ಮೀ.ನಲ್ಲಿ 57 ಸುರಂಗ, 109 ಸೇತುವೆ!

ಪಿಟ್‌ಲೈನ್ ನಿವೃತ್ತ:
ಘಾಟಿಯ ಏರು 50ಕ್ಕೆ 1. ಅಲ್ಲಿ ಹಿಂದಿನಿಂದ ದೂಡ್ಲಿಕ್ಕೆ ಬ್ಯಾಂಕರ್ ಎಂಜಿನ್ ಬೇಕು, ಇಳಿಯುವಾಗ ಬ್ರೇಕಿನ ಪರೀಕ್ಷೆ ಬೇರೆಯೇ. ಹಳೇ ಬೋಗಿಯ ಬ್ರೇಕ್ ಸಿಲಿಂಡರ್, ಪೈಪು, ಆಕ್ಸಲ್‌ನ ಅಲ್ಟ್ರಾಸಾನಿಕ್ ತಪಾಸಣೆ, ಡ್ಯಾಶ್‌ಪಾಟ್ (ಕುಲುಕಾಟ ತಡೆಯುವ ಎಣ್ಣೆಯ ಸಿಲಿಂಡರ್), ಸ್ಪ್ರಿಂಗ್ ಎಲ್ಲ ಪಾಸಾಗಿ, ಕೆಳಗೆ ಒಂದೆರಡು ವರ್ಷ ಸರಿಯಾಗಿ ಓಡಿದ ಮೇಲೆ ಘಾಟಿಯ ಮಾತು. ಘಾಟಿ ನೋಡ್ಲಿಕ್ಕೆ 2021ರಿಂದ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿ ಉಂಟಲ್ಲ.

ಮತ್ತೆ ಚಕ್ರ, ಬ್ರೇಕಿನ ಕೆಲಸಕ್ಕೆ ಸ್ವಯಂಸೇವಕರು ಕೈ ಹಾಕಬಾರದು. ಅದು ವರ್ಕ್‌ಶಾಪಿಗೆ ಹೋಗ್ಲೇಬೇಕು. ಸೀಟು, ಕಿಟಕಿ, ಬಣ್ಣ, ಬಾಗಿಲು ನೀವು ಮಾಡಿ.

ಬ್ರೇಕ್‌ವ್ಯಾನ್ ಭಟ್ರ ಮೊಮ್ಮಗ:
ಇಷ್ಟು ಮಾತಾಡಿದ್ರಿ, ಎಸ್‌ಎಲ್‌ಆರ್ ಬಗ್ಗೆ ಒಬ್ಬರೂ ಹೇಳಲಿಲ್ಲ. ನನ್ನ ಓಟು ಅದಕ್ಕೆ.

ಕಾರಣ ಕೇಳಿ. ಎಸ್‌ಎಲ್‌ಆರ್ ಒಂದರಲ್ಲೇ ಸೀಟು ಉಂಟು, ಲಗೇಜ್ ಕೋಣೆ ಉಂಟು, ಗಾರ್ಡ್ ಕೂರುವ ಜಾಗ ಉಂಟು. ಕೆಲವದರಲ್ಲಿ ಅಂಗವಿಕಲರಿಗೆ ಅಗಲ ಬಾಗಿಲಿನ ಕೋಣೆಯೂ ಉಂಟು. ಒಂದು ಎಂಜಿನ್, ಹಿಂದೆ ಒಂದು ಎಸ್‌ಎಲ್‌ಆರ್, ಅಷ್ಟರಲ್ಲಿ ಅದು ಪೂರ್ತಿ ರೈಲು! ಬೇರೆ ಯಾವ ಬೋಗಿ ಮೊದಲು ಮಾಡಿದ್ರೂ ಗಾರ್ಡಿಗಾಗಿ ಇನ್ನೊಂದು ಬೋಗಿ ಬಾಡಿಗೆ ತರಬೇಕು. ಲಗೇಜ್ ಕೋಣೆಯಲ್ಲಿ ಹಳೇ ಫೋಟೋ, ಟಿಕೆಟ್, ಟೋಕನ್ ಇಟ್ಟು ಸಣ್ಣ ಮ್ಯೂಸಿಯಂ ಮಾಡಿ, ಚಾ ಮಾರಿ. ಪ್ಯಾಂಟ್ರಿ ಕಾರಿನ ಖರ್ಚೂ ಉಳೀತು.

ಯಾರೂ ಅದನ್ನು ಉಳಿಸುವುದಿಲ್ಲ ಅಂತಲೂ ಒಂದು ಕಾರಣ. ಸಲೂನ್ ಎಲ್ಲರೂ ಉಳಿಸ್ತಾರೆ.

ನೆಟ್ಟಣದವ:
ಗಾರ್ಡ್ ಕೂರುವ ಬ್ರೇಕ್‌ವ್ಯಾನಲ್ಲಿ ನಾಯಿ ಪೆಟ್ಟಿಗೆ ಇತ್ತು, ನೆನಪುಂಟಾ? ನಮ್ಮ ಮಾವ ಹಾಸನದಿಂದ ಒಂದು ಮರಿ ತಂದದ್ದು ಅದರಲ್ಲೇ. ಪ್ರತಿ ಸ್ಟೇಷನ್‌ನಲ್ಲಿ ಇಳಿದು ಹಿಂದೆ ಓಡಿ ಹೋಗಿ ನೀರು ಕೊಟ್ಟು ಬರ್ತಿದ್ರಂತೆ. ಗಾರ್ಡ್ ಬಾವುಟ ಹಿಡಿದು ಅವರಿಗಾಗಿ ಕಾದದ್ದೂ ಉಂಟಂತೆ.

ತೊಕ್ಕೊಟ್ಟು ತಿರುವು:
ನಮ್ಮಲ್ಲಿ ಮೀನಿನ ಬುಟ್ಟಿಯ ವಾಸನೆ ನೆನಪು. ಆ ಲಗೇಜ್ ಕೋಣೆಯ ಪಕ್ಕ ಸೀಟು ಸಿಕ್ಕಿದ್ರೆ ಅಮ್ಮ ಮುಂದಿನ ಸ್ಟೇಷನ್‌ಗೆ ಇಳಿಸಿ ಬೇರೆ ಬೋಗಿಗೆ ಹತ್ತಿಸ್ತಿದ್ರು.

ಕೂಪೆ ಪ್ರೇಮಿ:
ವಾಸನೆಯ ನೆನಪಿಗೆ ಜನ ಟಿಕೆಟ್ ತಗೊಳ್ಳುವುದಿಲ್ಲ ಮಾರಾಯ್ರೆ.

ಸೆಂಟ್ರಲ್ ಪ್ಲಾಟ್‌ಫಾರ್ಮ್ 1:
ತಗೊಳ್ತಾರೆ. ಫಸ್ಟ್ ಕ್ಲಾಸಲ್ಲಿ ಹೋದವರು ಎಷ್ಟು ಮಂದಿ, ಜನರಲ್‌ನಲ್ಲಿ ಹೋದವರು ಎಷ್ಟು ಮಂದಿ? 1907ರಿಂದ ಈ ಊರಿಗೆ ರೈಲು ಬರ್ತಾ ಉಂಟು, ಅದರಲ್ಲಿ ಹೆಚ್ಚಿನವರು ಕೂತದ್ದು ಮರದ ಪಟ್ಟಿಯ ಸೀಟಿನ ಮೇಲೆ. ಥರ್ಡ್ ಕ್ಲಾಸ್ ಅನ್ನುವುದು 1974ರಲ್ಲಿ ಹೋಯಿತು, ಸೀಟು ಆಮೇಲೂ ಹಾಗೇ ಇತ್ತು. ಅಜ್ಜ ಅಜ್ಜಿ ಮೊಮ್ಮಕ್ಕಳಿಗೆ ತೋರಿಸ್ಲಿಕ್ಕೆ ಬಯಸುವುದು ಅದನ್ನೇ.

ಬಣ್ಣದ ಡಬ್ಬಿ:
ಯಾವುದೇ ಬೋಗಿ ಆಗ್ಲಿ, ಕಾವಿ ಕೆಂಪು ಬಣ್ಣ ಬಳೀರಿ. ನೀಲಿ ಬೇಡ.

ಉಡುಪಿ ಇಂದ್ರಾಳಿ:
ನೀಲಿಯೂ ಈಗ ಇತಿಹಾಸವೇ. ತೊಂಬತ್ತರ ದಶಕದ ನಂತರ ಹುಟ್ಟಿದವರಿಗೆ ರೈಲು ಅಂದ್ರೆ ನೀಲಿ.

ಬಣ್ಣದ ಡಬ್ಬಿ:
ಕೊಂಕಣ ರೈಲು ಉಡುಪಿಗೆ ಬಂದದ್ದು 1993ರಲ್ಲಿ. ಆಗಿನ ಫೋಟೋ ನೋಡಿ, ಕೆಂಪು.

ಕೋಟೇಶ್ವರದ ಆಚಾರಿ:
ಬಣ್ಣಕ್ಕೆ ಈಗಲೇ ಜಗಳ ಬ್ಯಾಡ. ಹಳೇ ಬಣ್ಣ ಕೆರೆಯುವಾಗ ಜಾಗ್ರತೆ, ಹಿಂದಿನ ಬಣ್ಣದಲ್ಲಿ ಸೀಸ ಇರ್ತದೆ. ಒಣ ಉಜ್ಜುಕಾಗದ ಹಾಕಿ ಧೂಳು ಎಬ್ಬಿಸಬೇಡಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಕೆರೆಯುವಾಗ ಒಂದು ಕಡೆ ಅಂಗೈಯಗಲ ಜಾಗದಲ್ಲಿ ಪದರ ಪದರವಾಗಿ ತೆಗೀರಿ. ಕೆಳಗೆ ಯಾವ ಬಣ್ಣ ಇತ್ತು ಅಂತ ಬೋಗಿಯೇ ಹೇಳ್ತದೆ.

ಬಣ್ಣದ ಡಬ್ಬಿ:
ಇದು ನ್ಯಾಯ. ಒಪ್ಪಿದೆ.

ಪಡೀಲ್ ಪ್ಯಾಸೆಂಜರ್:
ನಿನ್ನೆ ಗುಂಪಲ್ಲಿ ಕೂತು ಇದನ್ನೆಲ್ಲ ಓದಿ ಮಾತಾಡಿದೆವು. ಮನವಿ ಹೀಗೆ ತಿದ್ದಿದ್ದೇವೆ. ಎಲ್ಲದಕ್ಕಿಂತ ಮೊದಲು ಶೆಡ್, ನೆಟ್ಟಣದ ಕಡೆ, ಅಂದ್ರೆ ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರುವಲ್ಲಿ. ಶೆಡ್ ಮಂಜೂರಾಗುವವರೆಗೆ ಒಂದು ಬೋಗಿಯನ್ನೂ ತರುವುದಿಲ್ಲ, ಗುರುತು ಮಾಡಿ ಕತ್ತರಿಸದೆ ಇಡಿ ಅಂತ ಮಾತ್ರ ಕೇಳುವುದು. ರಿಪೇರಿಯ ಮೊದಲ ಸರದಿ ಎಸ್‌ಎಲ್‌ಆರ್‌ಗೆ, ಎರಡನೇದು ಜನರಲ್. ಜನರಲ್‌ನಲ್ಲಿ ಅರ್ಧ ಭಾಗಕ್ಕೆ ಮರದ ಪಟ್ಟಿ ಸೀಟು. ಫಸ್ಟ್ ಕ್ಲಾಸ್ ಸೂರಿನಡಿ ಕಾಯುತ್ತದೆ. ಮೀಟರ್ ಗೇಜ್ ಮರದ ಬೋಗಿ ಸಿಕ್ಕಿದ್ರೆ ಅದು ಓಡುವ ಸಾಲಿಗೆ ಸೇರುವುದಿಲ್ಲ, ಅದಕ್ಕೆ ಬೇರೆ ನಿಧಿ, ಆಚಾರಿಗಳ ಬೇರೆ ತಂಡ, ಕೆಲಸ ಎಸ್‌ಎಲ್‌ಆರ್ ಜತೆಗೇ ಶುರು. ಪ್ಯಾಂಟ್ರಿ ಕಾರ್ ಪಟ್ಟಿಯಿಂದ ಹೊರಗೆ.

ಕೂಪೆ ಪ್ರೇಮಿ:
ಮೂರನೇ ಸ್ಥಾನಕ್ಕೆ ನನ್ನ ಒಪ್ಪಿಗೆ ಇಲ್ಲ, ಬರೆದಿಟ್ಟುಕೊಳ್ಳಿ. ಆದ್ರೆ ಒಂದು ಶರತ್ತು ಸೇರಿಸಿ. ಬೇರೆ ಬೋಗಿಗೆ ಬೇಕು ಅಂತ ಫಸ್ಟ್ ಕ್ಲಾಸಿನ ಫ್ಯಾನು, ಹಿಡಿಕೆ, ಕನ್ನಡಿ ಒಂದನ್ನೂ ಬಿಚ್ಚಬಾರದು. ಕಾಯುವ ಬೋಗಿ ಬಿಡಿಭಾಗದ ಗೋದಾಮು ಆಗುವುದು ಹಾಗೆಯೇ.

ಪಿಟ್‌ಲೈನ್ ನಿವೃತ್ತ:
ಅವರು ಹೇಳಿದ್ದು ಸರಿ, ಖಂಡಿತ ಸೇರಿಸಿ. ಡಿಪೋಗಳಲ್ಲಿ ಎಷ್ಟೋ ಒಳ್ಳೇ ಬೋಗಿ ಹೋದದ್ದು ಹಾಗೆಯೇ.

ಪಡೀಲ್ ಪ್ಯಾಸೆಂಜರ್:
ಸೇರಿಸಿದೆ.

ನೆಟ್ಟಣದವ:
ಮಳೆಗಾಲದೊಳಗೆ ಶೆಡ್ ಆಗದೆ, ರೈಲ್ವೆಯವರೇ ಬೋಗಿ ತಂದು ನಿಲ್ಲಿಸಿಬಿಟ್ರೆ? ಟಾರ್ಪಾಲು ಹಾಕಿದ್ರೆ ಸಾಕಾಗ್ತದಾ?

ಕೋಟೇಶ್ವರದ ಆಚಾರಿ:
ಮೈಗೆ ತಾಗಿಸಿ ಹೊದಿಸಬೇಡಿ, ಒಳಗೆ ಬೆವರಿ ಇನ್ನೂ ಬೇಗ ಕೊಳೀತದೆ. ಅಡಿಕೆ ಮರದ ದಬ್ಬೆಯಲ್ಲಿ ಕಮಾನು ಕಟ್ಟಿ, ಮಾಡಿನಿಂದ ಒಂದಡಿ ಮೇಲೆ ನಿಲ್ಲುವ ಹಾಗೆ ಎಳೀರಿ, ಎರಡು ತುದಿಯೂ ತೆರೆದಿರಲಿ. ಕಿಟಕಿ ಎಲ್ಲ ಎರಡು ಬೆರಳು ತೆಗೆದಿಡಿ. ಮಳೆ ಬಿಟ್ಟ ದಿನ ಒಬ್ಬ ಹೋಗಿ ಬಾಗಿಲು ತೆರೆದು ಬರ್ಬೇಕು.